ಬಾವಲಿ: ಭಯವೂ ಪರಿಚಯವೂ

ನಾವು ಇರುವ ಸೊಸೈಟಿಯ ಕಂಪೌಂಡಿನ ಮೂಲೆಯಲ್ಲಿ ಒಂದು ಹಳೆಯ ಆಲದ ಮರವಿದೆ. ಹಗಲಲ್ಲಿ ತಲೆಯೆತ್ತಿ ನೋಡಿದರೆ ಅದರ ಮೇಲ್ಕೊಂಬೆಗಳಲ್ಲಿ, ಮಳೆ ನಿಂತ ಮೇಲೆ ಒಣಹಾಕಿದ ಕರಿಯ ಕೊಡೆಗಳಂತೆ ಬಾವಲಿಗಳು ಜೋತುಬಿದ್ದಿರುತ್ತವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದೊಂದಾಗಿ ಎದ್ದು ಹೋಗುತ್ತವೆ. ಬೆಳಕು ಹರಿಯುವ ಮುಂಚೆ ಗಲಾಟೆ ಮಾಡುತ್ತ ಮರಳುತ್ತವೆ. ಎಷ್ಟೋ ವರ್ಷ ಯಾರೂ ಅವುಗಳ ಗೊಡವೆಗೆ ಹೋಗಿರಲಿಲ್ಲ. 2020ರಲ್ಲಿ ಕೊರೋನಾ ಬಂತು. ಅದರ ಬೆನ್ನಿಗೇ ಬಾವಲಿಯ ಹೆಸರೂ ಎಲ್ಲರ ಬಾಯಿಗೆ ಬಂತು. ಮರುವರ್ಷ ಮಹಾಬಳೇಶ್ವರದ ಬಾವಲಿಗಳಲ್ಲಿ ನಿಪಾ ವೈರಸ್ಸಿನ ಸುಳಿವು ಸಿಕ್ಕಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಅಚ್ಚಾಯಿತು. ಅಂದಿನಿಂದ ಮರ ಕಡಿಸಬೇಕೆಂಬ ಮಾತು ಮೇಲಿಂದ ಮೇಲೆ ಏಳತೊಡಗಿ, ಕೊನೆಗೊಮ್ಮೆ ನಗರಪಾಲಿಕೆಗೆ ಬರೆದ ಅರ್ಜಿಯೊಂದು ಸಹಿಗಾಗಿ ನಮ್ಮ ಬಾಗಿಲಿಗೂ ಬಂತು.

ತಂದವರು ನಮ್ಮ ಧಾರವಾಡದ ಕಡೆಯವರೇ, ಮೇಲಿನ ಮಹಡಿಯ ಕಾಕು. "ಮನ್ಯಾಗ ಸಣ್ಣ ಹುಡುಗೂರು ಅದಾವ್ರಿ. ಅವು ಹಣ್ಣು ಚೀಪಿ ಅಂಗಳಕ್ಕ ಒಗೀತಾವು. ರೋಗ ಬಂದ್ರ ಯಾರು ಜವಾಬ್ದಾರಿ?" ಎಂದು ಅವರು ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ. ಅವರ ಭಯ ಮಕ್ಕಳ ಮೇಲಿನ ಕಾಳಜಿಯಿಂದ ಹುಟ್ಟಿದ್ದು; ಅದನ್ನು ನಗೆಯಲ್ಲಿ ತೇಲಿಸಿಬಿಡಲಾಗದು. ಹಾಗೆಂದು ಏನೂ ತಿಳಿಯದೆ ಸಹಿ ಹಾಕಲೂ ಮನಸ್ಸು ಬರಲಿಲ್ಲ. ಎಂಟು ದಿನ ಅವಕಾಶ ಕೇಳಿದೆವು. ಆ ಎಂಟು ದಿನ ಓದಿದ್ದನ್ನು ನಮ್ಮ ಸಂಘದ ಬಾಂಧವರ ಮುಂದೆಯೂ ಇಡೋಣವೆಂದು ಈ ಲೇಖನ. ಬಾವಲಿಯ ಬಗ್ಗೆ ನಾವೆಲ್ಲ ಕೇಳುವ ಪ್ರಶ್ನೆಗಳು ಬಹಳ ಹಳೆಯವು. ಅವುಗಳಲ್ಲಿ ಕೆಲವಕ್ಕೆ ಉತ್ತರ ಹುಡುಕುವ ಕೆಲಸ ನಡೆದದ್ದು ನಾವಿರುವ ಈ ಪುಣೆಯಲ್ಲಿ ಮತ್ತು ನಾವು ಬಿಟ್ಟುಬಂದ ಕನ್ನಡನಾಡಿನಲ್ಲಿ ಎಂಬುದು ಮಾತ್ರ ನಮಗೂ ಹೊಸ ಸಂಗತಿ.

ಮೊದಲ ಪ್ರಶ್ನೆ: ಇದು ಹಕ್ಕಿಯೋ, ಪ್ರಾಣಿಯೋ? ಹಾರುವುದರಿಂದ ಹಕ್ಕಿಯೆನ್ನೋಣವೆಂದರೆ ಮೊಟ್ಟೆಯಿಡುವುದಿಲ್ಲ. ಮರಿ ಹಾಕಿ ಹಾಲೂಡಿಸುತ್ತದೆ. ಅದರ ರೆಕ್ಕೆಯನ್ನು ಬಿಡಿಸಿ ನೋಡಿದರೆ ಒಳಗಿರುವುದು ನಮ್ಮ ಕೈಯಂಥದೇ ಕೈ. ಬೆರಳುಗಳು ಕೊಡೆಯ ಕಡ್ಡಿಗಳಂತೆ ಉದ್ದವಾಗಿ ಬೆಳೆದು ನಡುವೆ ತೆಳ್ಳನೆಯ ತೊಗಲು ಹರಡಿಕೊಂಡಿದೆ. ಜೀವಿಗಳನ್ನೆಲ್ಲ ವರ್ಗ ಮಾಡಿ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ ಮಹಾಶಯ 1758ರ ತನ್ನ ಗ್ರಂಥದಲ್ಲಿ ಬಾವಲಿಯನ್ನು ಮನುಷ್ಯ ಮತ್ತು ಮಂಗಗಳ ಗುಂಪಿನಲ್ಲೇ ಕೂರಿಸಿದ್ದ! ಆ ನೆಂಟಸ್ತನ ಉಳಿಯಲಿಲ್ಲ. ನಂತರದವರು ಬಾವಲಿಗಳಿಗೆ ಪ್ರತ್ಯೇಕ ವರ್ಗವನ್ನೇ ಮಾಡಿದರು. ಸಸ್ತನಿಗಳಲ್ಲಿ ನಿಜವಾಗಿ ರೆಕ್ಕೆ ಬಡಿದು ಹಾರಬಲ್ಲದ್ದು ಇದೊಂದೇ. ಹಾರುವ ಅಳಿಲು ಮೇಲಿನಿಂದ ಕೆಳಕ್ಕೆ ತೇಲುತ್ತದೆ ಅಷ್ಟೆ.

ಅದೇ ಲಿನೇಯಸ್ ಇನ್ನೊಂದು ಎಡವಟ್ಟನ್ನೂ ಮಾಡಿದ. ಹಣ್ಣು ತಿಂದು ಬದುಕುವ ಒಂದು ದೊಡ್ಡ ಬಾವಲಿಗೆ 'ವ್ಯಾಂಪೈರಸ್' ಎಂದು ಹೆಸರಿಟ್ಟ; ಎಂದರೆ ರಕ್ತ ಹೀರುವ ಪಿಶಾಚಿ. "ಬಾವಲಿ ರಕ್ತ ಕುಡೀತದೇನ್ರಿ?" ಎಂದು ಕೇಳುವವರಿಗೆ ಉತ್ತರ ಇದು: ರಕ್ತ ಕುಡಿಯುವ ಬಾವಲಿಗಳು ಪ್ರಪಂಚದಲ್ಲಿ ಮೂರೇ ಜಾತಿ, ಮೂರೂ ಇರುವುದು ಅಮೆರಿಕ ಖಂಡದ ಮೆಕ್ಸಿಕೊ ಮತ್ತು ಅದರ ದಕ್ಷಿಣದ ದೇಶಗಳಲ್ಲಿ. ನಮ್ಮ ದೇಶದ ಸುಮಾರು 130 ಜಾತಿಗಳಲ್ಲಿ ರಕ್ತವನ್ನೇ ಕುಡಿದು ಬದುಕುವುದು ಒಂದೂ ಇಲ್ಲ. ಇಲ್ಲಿನ ಹೆಚ್ಚಿನವು ಹುಳುಹುಪ್ಪಟೆ ಹಿಡಿಯುತ್ತವೆ. ಕೆಲವು ಹಣ್ಣು, ಹೂವಿನ ರಸಕ್ಕೆ ಹೋಗುತ್ತವೆ. ಒಂದೆರಡು ಕಪ್ಪೆ, ಇಲಿಗಳನ್ನೂ ಬೇಟೆಯಾಡುತ್ತವೆ. ನಮ್ಮ ಆಲದ ಮರದ್ದು ಹಣ್ಣು ತಿನ್ನುವ ದೊಡ್ಡ ಬಾವಲಿ. ಮೈ ಒಂದೂವರೆ ಕಿಲೋದವರೆಗೆ ತೂಗಿದರೂ ರೆಕ್ಕೆ ಚಾಚಿದರೆ ನಾಲ್ಕು ಅಡಿಯಷ್ಟಾಗುತ್ತದೆ. ಆಲದ ಮರಕ್ಕೂ ಇದಕ್ಕೂ ಇರುವ ನಂಟನ್ನು ಮರಾಠಿಗರು ಹೆಸರಿನಲ್ಲೇ ಹಿಡಿದಿಟ್ಟಿದ್ದಾರೆ. ಅವರು ಇದನ್ನು 'ವಟವಾಘೂಳ' ಎನ್ನುತ್ತಾರೆ, ವಟವೆಂದರೆ ಆಲ.

ಎರಡನೆಯ ಪ್ರಶ್ನೆ: ಬಾವಲಿಗೆ ಕಣ್ಣಿಲ್ಲವೇ? ಇದ್ದರೆ ಕತ್ತಲಲ್ಲಿ ಹೇಗೆ ಹಾರುತ್ತದೆ? ಈ ಪ್ರಶ್ನೆಯ ಇತಿಹಾಸವೇ ಒಂದು ಕಥೆಯಂತಿದೆ. ಇಟಲಿಯ ಸ್ಪಾಲಾಂಜಾನಿ ಎಂಬ ಪಾದ್ರಿ ವಿಜ್ಞಾನಿ 1793ರಲ್ಲಿ ಒಂದು ವಿಚಿತ್ರ ಕಂಡ. ಕೋಣೆಯ ದೀಪ ಆರಿದರೆ ಗೂಗೆ ಗೋಡೆಗೆ ಬಡಿದುಕೊಳ್ಳುತ್ತಿತ್ತು. ಬಾವಲಿ ಮಾತ್ರ ಆರಾಮಾಗಿ ಸುತ್ತುತ್ತಿತ್ತು. ಕಣ್ಣು ಕಿತ್ತ ಬಾವಲಿಗಳೂ ಹಾಗೆಯೇ ಹಾರಿದವು. ಮರುವರ್ಷ ಜಿನೀವಾದ ಜುರೀನ್ ಎಂಬ ವೈದ್ಯ ಬಾವಲಿಗಳ ಕಿವಿ ಮುಚ್ಚಿ ಬಿಟ್ಟಾಗ ಅವು ಎದುರಿಗಿದ್ದದ್ದಕ್ಕೆಲ್ಲ ಡಿಕ್ಕಿ ಹೊಡೆದವು. ಹಾಗಾದರೆ ಬಾವಲಿ ಕಿವಿಯಿಂದ ನೋಡುತ್ತದೆಯೇ? ಅಂದಿನ ಪಂಡಿತರು ಇದನ್ನು ನಂಬಲಿಲ್ಲ. ಯಾವ ಸದ್ದೂ ಕೇಳಿಸದಿರುವಾಗ ಕಿವಿಯ ಕೆಲಸವೇನು ಎಂಬುದು ಅವರ ವಾದ. ಸುಮಾರು ಒಂದೂವರೆ ಶತಮಾನ ಈ ಗಂಟು ಬಿಚ್ಚಲಿಲ್ಲ. 1938ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಡೊನಾಲ್ಡ್ ಗ್ರಿಫಿನ್, ಮನುಷ್ಯರಿಗೆ ಕೇಳಿಸದ ಸೂಕ್ಷ್ಮ ನಾದವನ್ನು ಹಿಡಿಯುವ ಯಂತ್ರವೊಂದರ ಎದುರು ಬಾವಲಿಗಳನ್ನು ಹಿಡಿದ. ನಿಶ್ಶಬ್ದವೆಂದುಕೊಂಡಿದ್ದ ಪ್ರಾಣಿ ಒಂದೇ ಸಮನೆ ಕೂಗುತ್ತಿತ್ತು! ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನಗಳಾಚೆಯ ನಾದವನ್ನು ಕೇಳಲಾರದು. ಎಷ್ಟೋ ಬಾವಲಿಗಳ ಕೂಗು ಅದರ ಎರಡು ಮೂರು ಪಟ್ಟು ಮೇಲಿನದು. ಕೆಲವುಗಳದ್ದು ಲಕ್ಷವನ್ನೂ ದಾಟುತ್ತದೆ. ಆ ಕೂಗು ಸೊಳ್ಳೆಗೋ ಗೋಡೆಗೋ ಬಡಿದು ಬರುವ ಮಾರ್ದನಿಯಿಂದ ದೂರ, ದಿಕ್ಕುಗಳನ್ನು ಅದು ತಿಳಿಯುತ್ತದೆ.

ಇಲ್ಲೊಂದು ತಿದ್ದುಪಡಿ ಅಗತ್ಯ. ಈ ವಿದ್ಯೆ ನಮ್ಮ ಮರದ ದೊಡ್ಡ ಬಾವಲಿಗೆ ಇಲ್ಲ. ಅದಕ್ಕೆ ಒಳ್ಳೆಯ ಕಣ್ಣಿದೆ, ಚುರುಕಾದ ಮೂಗಿದೆ. ಆ ಎರಡರಿಂದಲೇ ಹಣ್ಣು ಹುಡುಕುತ್ತದೆ. ಯಾವ ಬಾವಲಿಯೂ ಕುರುಡಲ್ಲ. ತಲೆಗೂದಲಲ್ಲಿ ಸಿಕ್ಕಿಕೊಳ್ಳುತ್ತದೆಂಬ ಭಯವೂ ಸುಳ್ಳು. ದಾರದಷ್ಟು ತೆಳುವಾದ ತಂತಿಯನ್ನೂ ತಪ್ಪಿಸಿ ಹಾರಬಲ್ಲ ಪ್ರಾಣಿಗೆ ನಮ್ಮ ತಲೆ ಕಾಣದೆ ಹೋಗುವುದೇ? ದೀಪದ ಹುಳುಗಳನ್ನು ಹಿಡಿಯಲು ಬಂದದ್ದು ತಲೆಯ ಹತ್ತಿರ ಸುಳಿದುಹೋಗುತ್ತದೆ ಅಷ್ಟೆ.

ಮೂರನೆಯದು ಮಕ್ಕಳ ಪ್ರಶ್ನೆ: ತಲೆಕೆಳಗಾಗಿ ಮಲಗಿದರೆ ಬೀಳುವುದಿಲ್ಲವೇ? ನಾವು ಕೊಂಬೆ ಹಿಡಿದು ಜೋತುಬಿದ್ದರೆ ಮುಷ್ಟಿಗೆ ಶ್ರಮ. ಬಾವಲಿಗೆ ಹಾಗಲ್ಲ. ಮೈಭಾರ ಕೆಳಕ್ಕೆ ಜಗ್ಗಿದಂತೆ ಕಾಲಿನ ನರಗಳು ಬಿಗಿದು ಉಗುರು ತಾನಾಗಿ ಕೊಂಬೆಯನ್ನು ಕಚ್ಚಿಕೊಳ್ಳುತ್ತದೆ. ಬಿಡಬೇಕಾದರೇ ಶ್ರಮ! ಸತ್ತ ಬಾವಲಿಯೂ ಹಲವು ಸಲ ಜೋತಾಡುತ್ತಲೇ ಇರುತ್ತದೆ. "ಬಾವಲಿ ಮನೆಗೆ ಬಾವಲಿ ಬಂದರೆ ನೀನೂ ಜೋತಾಡು, ನಾನೂ ಜೋತಾಡುತ್ತೇನೆ" ಎಂಬ ನಮ್ಮವರ ಗಾದೆ ಊರಿಂದ ನೆಂಟರು ಬಂದಾಗ ಒಂದು ಕೋಣೆಯ ಸಂಸಾರ ಹೂಡಿದ ಪುಣೆಯ ಕನ್ನಡಿಗರಿಗೆ ನೆನಪಾಗದೆ ಇರದು. ಉಂಡದ್ದನ್ನು ಬಾಯಿಂದಲೇ ವಿಸರ್ಜಿಸುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದೂ ನಿಜವಲ್ಲ. ಬಾವಲಿ ಹಣ್ಣನ್ನು ಜಗಿದು ರಸ ಹೀರಿ ಚರಟವನ್ನು ಉಗುಳುತ್ತದೆ. ನೋಡಿದವರು ತಪ್ಪು ತಿಳಿದರು. ನಿಜವಾದ ವಿಸರ್ಜನೆಗೆ ಅದು ಹೆಬ್ಬೆರಳಿನ ಉಗುರಿನಿಂದ ಕೊಂಬೆ ಹಿಡಿದು ಕ್ಷಣಕಾಲ ತಲೆ ಮೇಲಾಗಿ ತಿರುಗುತ್ತದೆ. ಮೈ ಹೊಲಸು ಮಾಡಿಕೊಳ್ಳದ ಅಚ್ಚುಕಟ್ಟು!

ನಾಲ್ಕನೆಯ ಪ್ರಶ್ನೆ ನಮ್ಮದೇ: ಬೆಳಕೇ ಬಾರದ ಗುಹೆಯಲ್ಲಿರುವ ಬಾವಲಿಗಳಿಗೆ ಹೊರಗೆ ಸಂಜೆಯಾಯಿತೆಂದು ಹೇಗೆ ತಿಳಿಯುತ್ತದೆ? ಇದಕ್ಕೆ ಉತ್ತರ ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಿಂದ ಬಂತು. ಅಲ್ಲಿನ ಎಂ. ಕೆ. ಚಂದ್ರಶೇಖರನ್, ಜಿ. ಮಾರಿಮುತ್ತು ಮತ್ತು ಸಂಗಡಿಗರು ಒಂದೊಂದು ಬಾವಲಿಯನ್ನು ಗುಹೆಯ ಕತ್ತಲಲ್ಲೇ ಪಂಜರದಲ್ಲಿಟ್ಟು ನೋಡಿ 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುತ್ತ ತನ್ನವರು ಹೋಗಿಬರುತ್ತಿದ್ದಾಗ ಪಂಜರದ ಬಾವಲಿಯೂ ಸರಿಯಾಗಿ ಅದೇ ವೇಳೆಗೆ ಎದ್ದು ಮಿಡುಕುತ್ತಿತ್ತು. ಜೊತೆಗಾರರಿಲ್ಲದ ಗುಹೆಯಲ್ಲಿಟ್ಟರೆ ಅದರ ಹೊತ್ತು ದಿನದಿನಕ್ಕೆ ಜಾರುತ್ತ ಹೋಗುತ್ತಿತ್ತು. ಎಂದರೆ ಗುಹೆಯ ಒಳಗಿನ ಗಡಿಯಾರವೆಂದರೆ ಅದರ ನೆರೆಹೊರೆ. ಊರು ಬಿಟ್ಟು ಬಂದು ಯುಗಾದಿ, ದಸರೆಗಳನ್ನು ಸಂಘದ ಕರೆಯೋಲೆಯಿಂದ ನೆನಪಿಸಿಕೊಳ್ಳುವ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು.

ಇನ್ನು ನಮ್ಮ ನಾಡಿನ ಮಾತಿಗೆ ಬರೋಣ. ಪುಣೆಯಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವವರು ಬೆಳಗಾವಿ ದಾಟಿದ ಮೇಲೆ ಖಾನಾಪುರ, ಲೋಂಡಾ ನೋಡಿಯೇ ಇರುತ್ತಾರೆ. ಆ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ, ತಳೇವಾಡಿಯ ಹತ್ತಿರ, ಬಾರಾಪೇಡೆ ಎಂಬ ಗುಹೆಯಿದೆ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಮೊದಲಲ್ಲಿ ದೇಶದ ಸಸ್ತನಿಗಳ ಸಮೀಕ್ಷೆ ಆರಂಭಿಸಿದ ಹೊಸದರಲ್ಲೇ ಈ ಗುಹೆಯಲ್ಲಿ ಅದುವರೆಗೆ ಯಾರೂ ಹೆಸರಿಸದ ಬಾವಲಿಯೊಂದು ಸಿಕ್ಕಿತು. ಹಣೆಯ ಮೇಲೆ ಒಂದಕ್ಕೊಂದು ಕೂಡಿದ ದೊಡ್ಡ ಕಿವಿಗಳು, ರೆಕ್ಕೆಯ ತೊಗಲಿನಿಂದ ಹೊರಚಾಚಿದ ಬಾಲ. ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಅದಕ್ಕೆ ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರಿಟ್ಟ. ಆ ಬಳಿಕ ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಪಂಚದಲ್ಲಿ ಅದು ಇನ್ನೆಲ್ಲೂ ಕಾಣಲಿಲ್ಲ! ಈಗ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಂಡುಬಂದಿದೆಯಾದರೂ ಅದರ ತವರು ಖಾನಾಪುರವೇ. 2011ರಲ್ಲಿ ಕರ್ನಾಟಕ ಸರಕಾರ ಭೀಮಗಡ ವನ್ಯಜೀವಿಧಾಮವನ್ನು ಘೋಷಿಸಿದಾಗ ಅದಕ್ಕಿದ್ದ ಕಾರಣಗಳಲ್ಲಿ ಈ ಬಾವಲಿಯೂ ಒಂದು. ಅಲ್ಲಿಂದ ಎಷ್ಟು ಸಲ ಹಾದುಹೋಗಿದ್ದೇವೆ; ನಮಗೆ ನೆನಪಿರುವುದು ನಿಲ್ದಾಣದ ಚಹಾ ಮಾತ್ರ.

ಎರಡನೆಯ ಕಥೆ ಪುಣೆಯಲ್ಲೇ ಮೊದಲಾಗುತ್ತದೆ. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ಇಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ತೆರೆದವು. 1978ರಿಂದ ಅದರ ಹೆಸರು ರಾಷ್ಟ್ರೀಯ ವೈರಾಣು ಸಂಸ್ಥೆ. ತೆರೆದ ಐದೇ ವರ್ಷಕ್ಕೆ, 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಸುತ್ತಲ ಹಳ್ಳಿಯ ಜನ ಜ್ವರದಿಂದ ಮಲಗಿದರು. ಮಲೆನಾಡಿನವರು ಅದನ್ನು ಮಂಗನ ಕಾಯಿಲೆ ಎಂದರು. ಪುಣೆಯ ತಜ್ಞರು ಹೋಗಿ, ಅದಕ್ಕೆ ಕಾರಣ ಒಂದು ಹೊಸ ವೈರಸ್ಸೆಂದೂ ಅದನ್ನು ಹಬ್ಬಿಸುವುದು ಕಾಡಿನ ಉಣ್ಣೆ ಎಂದೂ ಪತ್ತೆ ಮಾಡಿದರು. ಆ ವೈರಸ್ಸು ಎಲ್ಲೆಲ್ಲಿ ಅಡಗಿರಬಹುದೆಂದು ಇಲಿ, ಹಕ್ಕಿ, ಬಾವಲಿಗಳನ್ನೆಲ್ಲ ವರ್ಷಗಟ್ಟಲೆ ಪರೀಕ್ಷಿಸಿದರು. ಕೀಟ ತಿನ್ನುವ ಒಂದು ಜಾತಿಯ ಬಾವಲಿಯಲ್ಲಿ ವೈರಸ್ ಸಿಕ್ಕಿದ್ದು 1969ರಲ್ಲಿ ಪ್ರಕಟವೂ ಆಯಿತು. ಆದರೆ ಮನುಷ್ಯನಿಗೆ ಮಂಗನ ಕಾಯಿಲೆ ಅಂಟುವುದು ಉಣ್ಣೆಯ ಕಡಿತದಿಂದ. ಪ್ರಾಣಿಯಲ್ಲಿ ವೈರಸ್ ಸಿಕ್ಕಿತು ಎಂಬುದು ಬೇರೆ, ಅದರಿಂದ ನಮಗೆ ರೋಗ ಬಂತು ಎಂಬುದು ಬೇರೆ ಎಂಬ ಪಾಠ ಅಲ್ಲಿಯೇ ಇದೆ.

ಇದೇ ಸಂಸ್ಥೆಯಲ್ಲಿ ಕೆಲಸ ಮಾಡಿದ ಎಚ್. ಆರ್. ಭಟ್ ಅವರು ಬಾವಲಿಗಳ ಬೆನ್ನುಹತ್ತಿದವರು. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಂಡೆಗಳ ನಡುವಿನ ಗವಿಯಲ್ಲಿ ದೊರೆತ, ಮೂಗಿನ ಮೇಲೆ ಎಲೆಯಂಥ ಮಡಿಕೆಯಿರುವ ಪುಟ್ಟ ಬಾವಲಿಯೊಂದನ್ನು ಅವರೂ ಜರ್ಮನಿಯ ಡೀಟರ್ ಕಾಕ್ ಅವರೂ ಕೂಡಿ 1994ರಲ್ಲಿ ಹೊಸ ಜಾತಿಯೆಂದು ಲೋಕಕ್ಕೆ ಪರಿಚಯಿಸಿದರು. ಈಗ ಅದಕ್ಕೆ ಕೋಲಾರದ ಎಲೆಮೂಗಿನ ಬಾವಲಿ ಎಂದೇ ಹೆಸರು. ಸುತ್ತಲಿನ ಬಂಡೆಗಳನ್ನು ಗ್ರಾನೈಟಿಗಾಗಿ ಒಡೆದದ್ದರಿಂದ ಅದರ ನೆಲೆ ಕುಗ್ಗಿ ಒಂದು ಗವಿಗೆ ಬಂದು ನಿಂತಿತು. 2016ರ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಅಳಿವಿನ ತೀರ ಅಂಚಿನಲ್ಲಿರುವ ಪ್ರಾಣಿ. ಉಳಿದಿರುವುದು ಸುಮಾರು ಇನ್ನೂರು ಎಂಬ ಅಂದಾಜು. ಚಿನ್ನದ ಗಣಿಗೆ ಹೆಸರಾದ ಜಿಲ್ಲೆಯಲ್ಲಿ, ಚಿನ್ನಕ್ಕಿಂತ ವಿರಳವಾದದ್ದೊಂದು ಗವಿಯಲ್ಲಿ ಜೋತಾಡುತ್ತಿದೆ.

ಈಗ ಕಾಕು ಅವರ ಪ್ರಶ್ನೆ. ರೋಗದ ಮಾತು ಸುಳ್ಳೇ? ಸುಳ್ಳಲ್ಲ. ನಿಪಾ ಮೊದಲು ಕಾಣಿಸಿದ್ದು 1998-99ರಲ್ಲಿ ಮಲೇಷ್ಯಾದಲ್ಲಿ. ನಮ್ಮ ದೇಶದಲ್ಲಿ 2001ರಲ್ಲಿ, ಸಿಲಿಗುರಿಯಲ್ಲಿ. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡ್ ಕಡೆ ಬಂದು 17 ಜನರನ್ನು ಬಲಿ ತೆಗೆದುಕೊಂಡಿತು. ರೋಗ ನಿಪಾ ಎಂದು ಖಚಿತಪಡಿಸಿದ್ದು ಪುಣೆಯ ಸಂಸ್ಥೆಯೇ. ಅಲ್ಲಿ ಮೊದಲು ಸಂಶಯ ಬಿದ್ದದ್ದು ಮನೆಯ ಬಾವಿಯಲ್ಲಿದ್ದ ಬಾವಲಿಗಳ ಮೇಲೆ. ಅವು ಕೀಟ ತಿನ್ನುವಂಥವು. ಪರೀಕ್ಷೆಯಲ್ಲಿ ಅವುಗಳಲ್ಲಿ ಏನೂ ಸಿಕ್ಕಲಿಲ್ಲ. ಬಳಿಕ ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ವೈರಸ್ ಸಿಕ್ಕಿತು. ಆದರೂ ಮೊದಲ ರೋಗಿಯಿಂದ ಮುಂದಿನವರಿಗೆ ಅದು ಹರಡಿದ್ದು ಹೆಚ್ಚಾಗಿ ಆಸ್ಪತ್ರೆಗಳಲ್ಲಿ, ಮನುಷ್ಯರಿಂದ ಮನುಷ್ಯರಿಗೆ. ಮಹಾಬಳೇಶ್ವರದ ಗುಹೆಯ ಬಾವಲಿಗಳನ್ನು ಹಿಡಿದದ್ದು 2020ರ ಮಾರ್ಚಿನಲ್ಲಿ. ಕೆಲವುಗಳ ರಕ್ತದಲ್ಲಿ ನಿಪಾ ವಿರುದ್ಧದ ಪ್ರತಿಕಾಯಗಳು ಸಿಕ್ಕವು. 2021ರಲ್ಲಿ ಆ ವರದಿ ಬಂದಾಗ ಮಹಾರಾಷ್ಟ್ರದಲ್ಲಿ ಒಬ್ಬರಿಗೂ ಆ ರೋಗ ಬಂದಿರಲಿಲ್ಲ. ಕೊರೋನಾದ ಮಾತೂ ಹಾಗೆಯೇ. 2020ರಲ್ಲಿ ಪುಣೆಯವರು ಕೆಲವು ರಾಜ್ಯಗಳ ಬಾವಲಿಗಳಲ್ಲಿ ಕಂಡ ಕೊರೋನಾ ವೈರಸ್ ನಮ್ಮನ್ನು ಕಾಡಿದ್ದಕ್ಕಿಂತ ಬೇರೆಯದು.

ಹಾಗಾದರೆ ಮಾಡಬೇಕಾದ್ದೇನು? ಹಲ್ಲಿನ ಗುರುತಿರುವ, ಕಚ್ಚಿ ಬಿದ್ದ ಹಣ್ಣನ್ನು ತಿನ್ನಬಾರದು; ಉಳಿದ ಹಣ್ಣನ್ನೂ ತೊಳೆದು ತಿನ್ನಬೇಕು. ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಹೆಚ್ಚಿನ ಬಾವಲಿಗಳು ನೆಲದಿಂದ ಸುಲಭವಾಗಿ ಹಾರಲಾರವು. ಹಾಗಾಗಿ ಅದು ಬಿದ್ದಿತೆಂದರೆ ಕಾಯಿಲೆ ಇದ್ದೇ ಇದೆ ಎಂದಲ್ಲ, ಆದರೂ ಮಕ್ಕಳನ್ನು ದೂರವಿಡಬೇಕು. ಕಚ್ಚಿದರೆ ಗಾಯವನ್ನು ಸೋಪಿನಿಂದ ತೊಳೆದು ತಡಮಾಡದೆ ಡಾಕ್ಟರರ ಹತ್ತಿರ ಹೋಗಬೇಕು. ಮರದ ಕೆಳಗೆ ಆಟದ ಜಾಗ, ನೀರಿನ ತೊಟ್ಟಿ ಇಡಬಾರದು. ಇಷ್ಟು ಮಾಡಿದರೆ ಸಾಕು, ಕೊಡಲಿ ಬೇಡ. ಗೂಡು ಕೆಡವಿದರೆ ಗಾಬರಿಯಾದ ನೂರಾರು ಬಾವಲಿಗಳು ಹತ್ತು ಕಡೆ ಚೆದರಿ ಹೋಗಿ ಕೂರುತ್ತವೆ. ದೂರವಾಗುವ ಬದಲು ಹತ್ತಿರವೇ ಬಂದಂತಾಗುತ್ತದೆ.

ಕಾನೂನೂ ಈ ಪ್ರಾಣಿಯನ್ನು ಬಹುಕಾಲ ತಪ್ಪು ತಿಳಿದಿತ್ತು. 1972ರ ವನ್ಯಜೀವಿ ರಕ್ಷಣಾ ಕಾಯಿದೆಯ ಐದನೆಯ ಪರಿಶಿಷ್ಟದಲ್ಲಿ ಕಾಗೆ, ಇಲಿಗಳ ಜೊತೆ ಹಣ್ಣು ತಿನ್ನುವ ಬಾವಲಿಯೂ ಉಪದ್ರವಿ ಎನಿಸಿತ್ತು, ಕೊಂದರೂ ಕೇಳುವವರಿರಲಿಲ್ಲ. 2022ರಲ್ಲಿ ಸಂಸತ್ತು ಮಾಡಿದ ತಿದ್ದುಪಡಿಯಿಂದ, 2023ರ ಏಪ್ರಿಲ್ 1ರಂದು ಆ ಪಟ್ಟಿಯೇ ಇಲ್ಲವಾಯಿತು. ತೋಟದವರಿಗೆ ಹಣ್ಣಿನ ನಷ್ಟ ಆಗುತ್ತದೆ, ನಿಜ. ಆದರೆ ಆಲ, ಅತ್ತಿ, ಬಸರಿಗಳ ಬೀಜವನ್ನು ಮೈಲುಗಟ್ಟಲೆ ಒಯ್ದು ಬಿತ್ತುವುದೂ, ಹಿಪ್ಪೆ, ಬೂರುಗದ ಹೂಗಳಿಗೆ ರಾತ್ರಿ ಪರಾಗ ಮುಟ್ಟಿಸುವುದೂ ಇದೇ ಬಾವಲಿ. ಇದರ ಸಣ್ಣ ನೆಂಟರು ಗದ್ದೆ ಹೊಲಗಳ ಹುಳುಗಳನ್ನು ರಾತ್ರಿಯೆಲ್ಲ ತಿಂದು ತೀರಿಸುತ್ತವೆ. ಬಾವಲಿಗೆ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ. ಒಮ್ಮೆ ಗುಂಪು ಅಳಿದರೆ ಮತ್ತೆ ತುಂಬಲು ಬಹಳ ಕಾಲ ಬೇಕು. ಇದನ್ನು ಪುಸ್ತಕ ಓದದೆಯೂ ತಿಳಿದವರಿದ್ದಾರೆ. ತಮಿಳುನಾಡಿನ ಕೆಲವು ಹಳ್ಳಿಗಳಲ್ಲಿ ಊರ ಮರದ ಬಾವಲಿಗಳು ಬೆದರಬಾರದೆಂದು ದೀಪಾವಳಿಗೆ ಪಟಾಕಿಯನ್ನೇ ಸುಡುವುದಿಲ್ಲ.

ಎಂಟನೆಯ ದಿನ ಕಾಕು ಅವರನ್ನು ಚಹಾಕ್ಕೆ ಕರೆದು ಇಷ್ಟನ್ನೂ ಹೇಳಿದೆವು. ಅವರು ಎಲ್ಲವನ್ನೂ ಕೇಳಿ, "ಹಂಗಾರ ಹುಡುಗೂರು ಬಿದ್ದ ಹಣ್ಣು ಮುಟ್ಟಧಂಗ ನೀವ ಹೇಳ್ರಿ. ನಾ ಹೇಳಿದ್ರ ಕೇಳಂಗಿಲ್ಲ" ಎಂದರು. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಹೇಳಿದ್ದಾಯಿತು. ಮರದ ಕೆಳಗಿದ್ದ ಜಾರುಬಂಡೆಯನ್ನು ಗೇಟಿನ ಕಡೆಗೆ ಸರಿಸಿದ್ದಾಯಿತು. ಅರ್ಜಿ ಪಾಲಿಕೆಗೆ ಹೋಗಿಲ್ಲ. ಹಾಗೆಂದು ಹರಿದು ಹಾಕಿಯೂ ಇಲ್ಲ. ಮೂರು ಮನೆಯವರು ಇನ್ನೂ ಒಪ್ಪಿಲ್ಲ. ಮುಂದಿನ ಸಭೆಯಲ್ಲಿ ಮತ್ತೆ ಮಾತು ಬರುತ್ತದೆ. ನಾವು ಮತ್ತೆ ಹೇಳಬೇಕು.

ನಮ್ಮ ಸಂಘದ ಸದಸ್ಯರಿರುವ ಬೇರೆ ಬಡಾವಣೆಗಳಲ್ಲೂ ಇಂಥ ಮರ, ಇಂಥ ಅರ್ಜಿ ಬಂದಿದ್ದೀತು. ಅಂಥವರು ಸಹಿ ಹಾಕುವ ಮುನ್ನ ಎಂಟು ದಿನ ಅವಕಾಶ ಕೇಳಲಿ ಎಂಬುದಷ್ಟೇ ನಮ್ಮ ಕೋರಿಕೆ. ಮುಂದಿನ ಸಲ ಊರಿಗೆ ಹೋಗುವಾಗ, ಖಾನಾಪುರ ಬಂದಾಗ, ಪಡುವಣ ಕಾಡಿನ ಕಡೆ ಕೈ ತೋರಿಸಿ ಮಕ್ಕಳಿಗೆ ಆ ದೊಡ್ಡ ಕಿವಿಯ ಬಾವಲಿಯ ಕಥೆ ಹೇಳಿ. ಚಹಾ ಆಮೇಲೆ ಕುಡಿದರಾಯಿತು.